ಒಂದೇ ದಾರದಲ್ಲಿ ಸೀರೆ ಕುಚ್ಚು, ಬಳೆ, ಜುಮುಕಿ: ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ

ಸೀರೆಗೆ ಹೊಂದುವ ಬಳೆ ಸಿಗಲಿಲ್ಲ ಅಂತ ಅಂಗಡಿ ಅಂಗಡಿ ಅಲೆಯುವ ಬದಲು, ಸೆರಗಿನ ಕುಚ್ಚಿಗೆ ತಂದ ದಾರದಲ್ಲೇ ಬಳೆಯನ್ನೂ ಜುಮುಕಿಯನ್ನೂ ಸುತ್ತಿಕೊಳ್ಳಿ. ಬಣ್ಣ ಹೊಂದುತ್ತದಾ ಇಲ್ಲವಾ ಅನ್ನುವ ಮಾತೇ ಇಲ್ಲ. ಒಂದು ಬಣ್ಣಕ್ಕೆ ಮೂರು ರೀಲು ದಾರ, ತುದಿಯಲ್ಲಿ ಕೊಕ್ಕೆ ಇರುವ ಒಂದು ಸಣ್ಣ ಕ್ರೋಶಾ ಕಡ್ಡಿ, ಕತ್ತರಿ, ಸೂಜಿ, ಬಟ್ಟೆಗೆ ಹಾಕುವ ಅಂಟು, ಇಷ್ಟಿದ್ದರೆ ಶುರು ಮಾಡಬಹುದು. ಎಲ್ಲ ಸಾಮಾನು ತುಂಬಿದ ದೊಡ್ಡ ಕಿಟ್ ಮೊದಲ ದಿನವೇ ಕೊಳ್ಳಬೇಡಿ, ಅದರಲ್ಲಿ ಅರ್ಧ ಡಬ್ಬಿಯಲ್ಲೇ ಉಳಿಯುತ್ತದೆ. ಕಲ್ಲು, ಮಣಿ, ಮಿಂಚು ಎಲ್ಲ ಆಮೇಲಿನ ಮಾತು. ದಾರ ಸಪಾಟಾಗಿ, ಒಂದೇ ಬಿಗಿಯಲ್ಲಿ ಕೂತರೆ ಏನೂ ಅಂಟಿಸದ ಬಳೆಯೂ ಚೆನ್ನಾಗಿ ಕಾಣುತ್ತದೆ. ದಾರ ತಿರುಚಿಕೊಂಡು ಕೂತರೆ ಎಷ್ಟು ಕಲ್ಲು ಹಚ್ಚಿದರೂ ಅದು ಮುಚ್ಚಿಹೋಗುವುದಿಲ್ಲ.

ಮೊದಲು ದಾರ ಕೊಳ್ಳುವುದು. ಬೆಂಗಳೂರಿನವರಾದರೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಹೋಗಿ, ಮಣಿ, ಲೇಸು, ದಾರ ಎಲ್ಲ ಅಕ್ಕಪಕ್ಕದಲ್ಲೇ ಸಿಗುತ್ತದೆ, ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ಗಾಡಿ ನಿಲ್ಲಿಸುವ ತಲೆನೋವೂ ಇಲ್ಲ. ಬೇರೆ ಊರಿನಲ್ಲಿ ಟೈಲರ್ ಸಾಮಾನು ಮಾರುವ ಅಂಗಡಿ ಸಾಕು. ಸೀರೆಯನ್ನು ಜೊತೆಯಲ್ಲೇ ತೆಗೆದುಕೊಂಡು ಹೋಗಿ, ಹಗಲಿನಲ್ಲೇ ಹೋಗಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಅನ್ನಿಸಿದ ಎರಡು ಹಸಿರು ಬೀದಿಗೆ ಬಂದ ಮೇಲೆ ಬೇರೆ ಬೇರೆ ಆಗಿರುತ್ತವೆ. ಅದಕ್ಕೇ ಬಾಗಿಲ ಹತ್ತಿರ ನಿಂತು, ಸೆರಗಿನ ಮೇಲೆ ದಾರ ಇಟ್ಟು ನೋಡಿ. ಬೇಕಾದಷ್ಟು ರೀಲು ಒಂದೇ ಸಲ ತನ್ನಿ. ಮುಂದಿನ ತಿಂಗಳು ಹೋದರೆ ಅದೇ ನಂಬರಿನ ರೀಲು ಸಿಕ್ಕರೂ ಬಣ್ಣ ಒಂದು ಚೂರು ಆಚೀಚೆ ಇರಬಹುದು.

ಸಿಲ್ಕ್ ಥ್ರೆಡ್ ಅಂತ ಕೊಡುವುದು ಬಹಳ ಸಲ ರೇಷ್ಮೆಯೇ ಆಗಿರುವುದಿಲ್ಲ, ಇದು ತಿಳಿದಿರಲಿ. ಹೆಚ್ಚಿನವು ವಿಸ್ಕೋಸ್ ರೇಯಾನ್, ಕೆಲವು ಪಾಲಿಯೆಸ್ಟರ್. ಅದರಲ್ಲಿ ತಪ್ಪೇನೂ ಇಲ್ಲ, ಬೆಲೆಯೂ ಕಡಿಮೆ, ಹೊಳಪೂ ಜಾಸ್ತಿ. ಆದರೆ ಯಾವುದು ಅಂತ ಗೊತ್ತಿದ್ದರೆ ಕೆಲಸ ಸುಲಭ. ಒಂದು ಬೆರಳುದ್ದ ದಾರವನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಮುಟ್ಟಿದರೆ ಪುಡಿಯಾದರೆ ಅದು ರೇಷ್ಮೆ. ಕಾಗದದ ಹಾಗೆ ಉರಿದರೆ ರೇಯಾನ್. ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟಿದರೆ ಪಾಲಿಯೆಸ್ಟರ್. ರೇಯಾನ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಅಂಟು ಜಾಸ್ತಿ ಬಳಿದು ಎಳೆದರೆ ಪಟ್ ಅಂತ ತುಂಡಾಗುತ್ತದೆ. ಪಾಲಿಯೆಸ್ಟರ್‌ಗೆ ಬಿಸಿ ಇಸ್ತ್ರಿ ಆಗುವುದಿಲ್ಲ. ಇನ್ನೊಂದು ಪರೀಕ್ಷೆಯನ್ನಂತೂ ಬಿಡಲೇಬೇಡಿ: ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಮಡಿಚಿ, ಮೇಲೆ ಭಾರ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಬಟ್ಟೆಗೆ ಬಣ್ಣ ಹತ್ತಿದ್ದರೆ ಆ ದಾರ ಬಳೆಗೆ ಮಾತ್ರ, ಸೀರೆಗೆ ಬೇಡ. ಕೆಂಪು, ಮರೂನ್ ದಾರದಲ್ಲಿ ಇದನ್ನು ಮರೆಯಬೇಡಿ.

ಕ್ರೋಶಾ ಬರದವರು ನೇರವಾಗಿ ಈ ತೆಳು ದಾರಕ್ಕೆ ಕೈ ಹಾಕಬೇಡಿ. ಮೊದಲು ದಪ್ಪ ಉಲ್ಲನ್, 4 ಮಿ.ಮೀ. ಕಡ್ಡಿ ಹಿಡಿದು ಚೈನು ಹಾಕಿ, ಅಂದರೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಸರಪಳಿ ಮಾಡಿ. ಒಂದೊಂದು ಕುಣಿಕೆಯೂ ಒಂದು ಮನೆ. ತಿಳಿ ಬಣ್ಣದ ಉಲ್ಲನ್ ಇರಲಿ, ಕಪ್ಪಿನಲ್ಲಿ ಮನೆಗಳೇ ಕಾಣುವುದಿಲ್ಲ. ಚೈನಿನ ಮನೆಗಳೆಲ್ಲ ಒಂದೇ ಅಳತೆಗೆ ಬರುವವರೆಗೂ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ. ಟಿವಿ ನೋಡುತ್ತಾ, ಬಸ್ಸಿನಲ್ಲಿ ಕೂತು ಹಾಕಿದರೂ ಸರಿಯೇ. ಆಮೇಲೆ ಹತ್ತಿ ದಾರಕ್ಕೆ 2 ಮಿ.ಮೀ. ಕಡ್ಡಿ, ಕೊನೆಗೆ ಕುಚ್ಚಿನ ದಾರಕ್ಕೆ 1 ಮಿ.ಮೀ. ಆಸುಪಾಸಿನ ಸ್ಟೀಲ್ ಕಡ್ಡಿ. ಹೀಗೆ ಇಳಿದು ಬಂದರೆ ಬೆರಳಿಗೆ ಬಿಗಿ ಎಷ್ಟಿರಬೇಕು ಅಂತ ತಾನಾಗಿ ಗೊತ್ತಾಗಿರುತ್ತದೆ. ಕಲಿಯಲು ಹಾಕಿದ ಉಲ್ಲನ್ ಕೂಡ ದಂಡ ಆಗುವುದಿಲ್ಲ, ಚೌಕ ಚೌಕವಾಗಿ ಹಾಕಿಟ್ಟುಕೊಂಡರೆ ಲೋಟದ ಕೆಳಗೆ ಇಡಲು ಆಗುತ್ತದೆ. ವಿಡಿಯೋ ನೋಡಿ ಕಲಿಯುವವರು ಒಂದು ಗಮನಿಸಿ, ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಹೊಲಿಗೆಯನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ಹೆಸರು ನಂಬದೆ ಕೈ ಹೇಗೆ ಹೋಗುತ್ತಿದೆ ಅಂತ ನೋಡಿ.

ಇನ್ನು ಬಳೆ. ನಮ್ಮಲ್ಲಿ ಬಳೆ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಹೇಳುತ್ತೇವಲ್ಲ, ಎರಡನೆಯ ಅಂಕಿ ಅಂದರೆ ಇಂಚಿನ ಹದಿನಾರರಲ್ಲಿ ಅಷ್ಟು ಭಾಗ. 2-4 ಅಂದರೆ ಒಳಗಿನ ಅಗಲ ಎರಡೂಕಾಲು ಇಂಚು, 2-8 ಅಂದರೆ ಎರಡೂವರೆ ಇಂಚು. ದಾರ ಸುತ್ತಿದ ಮೇಲೆ ಒಳಗಿನ ಜಾಗ ಕಡಿಮೆಯಾಗುತ್ತದೆ. ನಿಮ್ಮ ಕೈಗೆ 2-4 ಬಿಗಿಯಾಗಿ ಏರುತ್ತದೆ ಅಂದರೆ ಸುತ್ತಲು 2-6 ತೆಗೆದುಕೊಳ್ಳಿ. ಬಣ್ಣ ಹೋದ ಹಳೆಯ ಪ್ಲಾಸ್ಟಿಕ್ ಬಳೆಗಳು ಮನೆಯಲ್ಲಿ ಇದ್ದೇ ಇರುತ್ತವೆ ಅಲ್ವಾ, ಅವೇ ಸಾಕು. ಸ್ವಲ್ಪ ಮರಳು ಕಾಗದದಲ್ಲಿ ಉಜ್ಜಿ, ಒರೆಸಿ ಇಡಿ, ಅಂಟು ಗಟ್ಟಿಯಾಗಿ ಹಿಡಿಯುತ್ತದೆ.

ಕುಳಿತುಕೊಳ್ಳುವ ಮೊದಲು ಕೈ ನೋಡಿಕೊಳ್ಳಿ. ಪಾತ್ರೆ ತೊಳೆದು, ಬಟ್ಟೆ ಒಗೆದು ಬೆರಳ ತುದಿ ಒರಟಾಗಿದ್ದರೆ ದಾರದ ಎಳೆ ಅದಕ್ಕೇ ಸಿಕ್ಕಿಕೊಂಡು ಮೇಲೇಳುತ್ತದೆ, ಒಂದು ಸಲ ಎದ್ದ ಎಳೆ ಮತ್ತೆ ಮಲಗುವುದಿಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಕೆಲಸದ ಹೊತ್ತಿನಲ್ಲಿ ಎಣ್ಣೆ, ಕ್ರೀಮು ಏನೂ ಬೇಡ. ಅಡುಗೆ ಮಾಡಿ ಬಂದ ಕೈಯಲ್ಲಂತೂ ತಿಳಿ ಬಣ್ಣದ ದಾರ ಮುಟ್ಟಬೇಡಿ, ಉಗುರಿನ ಸಂದಿಯಲ್ಲಿ ಉಳಿದ ಅರಿಶಿನ ಸಾಕು ಕಲೆ ಮಾಡಲು. ಫ್ಯಾನ್ ಆರಿಸಿ. ಕಿಟಕಿ ಪಕ್ಕ ಕೂತು, ಅಂಚು ಎತ್ತರ ಇರುವ ತಟ್ಟೆಯಲ್ಲಿ ಟವೆಲ್ ಹಾಸಿ, ಮಣಿ ಕಲ್ಲು ಅದರಲ್ಲಿ ಹರಡಿಕೊಳ್ಳಿ, ಉರುಳಿ ಹೋಗುವುದಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಮಗು ಮಲಗಿದ ಮೇಲೇ ಮಣಿ ಡಬ್ಬಿ ತೆಗೆಯಿರಿ.

ಸುಮಾರು ಒಂದು ಅಡಿ ಉದ್ದದ ಗಟ್ಟಿ ರಟ್ಟಿಗೆ ದಾರವನ್ನು ಇಪ್ಪತ್ತು ಸುತ್ತು ಸುತ್ತಿ, ಒಂದು ತುದಿಯಲ್ಲಿ ಕತ್ತರಿಸಿ. ಇಪ್ಪತ್ತು ಎಳೆ ಒಂದೇ ಉದ್ದಕ್ಕೆ ಸಿಗುತ್ತವೆ. ತುದಿಗೆ ಒಂದು ಹನಿ ಅಂಟು ಹಚ್ಚಿ, ಬೆರಳಲ್ಲಿ ಒತ್ತಿ ರಿಬ್ಬನ್ನಿನ ಹಾಗೆ ಚಪ್ಪಟೆ ಮಾಡಿ, ಬಳೆಯ ಒಳಮೈಗೆ ಅಂಟಿಸಿ. ಅಂಟು ಒಣಗುವವರೆಗೂ ಕಾಯಿರಿ, ಅರ್ಜೆಂಟ್ ಮಾಡಿದರೆ ಮೊದಲ ಸುತ್ತೇ ಜಾರುತ್ತದೆ. ಆಮೇಲೆ ಸುತ್ತುತ್ತಾ ಹೋಗಿ. ಬಳೆಯ ಹೊರಮೈಯಲ್ಲಿ ಒಂದು ಸುತ್ತಿನ ಅಂಚು ಹಿಂದಿನ ಸುತ್ತಿನ ಅಂಚಿಗೆ ತಾಗಬೇಕು, ಮೇಲೆ ಏರಬಾರದು. ಒಳಮೈಯಲ್ಲಿ ಮಾತ್ರ ಏರುತ್ತದೆ, ಯಾಕೆಂದರೆ ಒಳಗಿನ ಸುತ್ತಳತೆ ಹೊರಗಿನದಕ್ಕಿಂತ ಕಡಿಮೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಸುತ್ತಿಗೊಮ್ಮೆ ನಿಲ್ಲಿಸಿ, ದಾರದ ಉಳಿದ ಭಾಗವನ್ನು ಕೆಳಗೆ ಇಳಿಬಿಡಿ, ತಿರುಚಿದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಬ್ಬೆರಳಿನ ಉಗುರಿನ ಬೆನ್ನಿನಿಂದ ಮೆಲ್ಲಗೆ ಸವರಿದರೆ ಎಳೆಗಳು ಸಾಲಾಗಿ ಕೂರುತ್ತವೆ. ದಾರ ಮುಗಿದರೆ ಒಳಮೈಯಲ್ಲೇ ಅಂಟಿಸಿ, ಹೊಸದನ್ನೂ ಅಲ್ಲಿಂದಲೇ ಶುರು ಮಾಡಿ.

ಜುಮುಕಿ ಇದಕ್ಕಿಂತ ಸ್ವಲ್ಪ ಕಷ್ಟ. ದಾರ ಸುತ್ತಲು ಸಿಗುವ ಗಂಟೆಯಾಕಾರದ ಜುಮುಕಿ ಬೇಸ್‌ನ ಕೆಳಗಿನ ಬಾಯಿ ಅಗಲ, ತಲೆಯ ತೂತು ಸಣ್ಣದು. ಪ್ರತಿ ಸುತ್ತೂ ಆ ತೂತಿನ ಮೂಲಕವೇ ಹೋಗಬೇಕು. ಬಳೆಗೆ ಹಿಡಿದಷ್ಟು ಎಳೆ ಇಲ್ಲಿ ಹಿಡಿದರೆ ತೂತು ಅರ್ಧದಲ್ಲೇ ತುಂಬಿಹೋಗುತ್ತದೆ. ಎಂಟು ಹತ್ತು ಎಳೆ ಸಾಕು. ಸೂಜಿಗೆ ಪೋಣಿಸಿ, ಕೆಳಗಿನ ಅಂಚಿನಲ್ಲಿ ಎಳೆಗಳನ್ನು ಬಿಡಿಸಿ ಹರಡಿ, ತಲೆಯ ಹತ್ತಿರ ಒತ್ತೊತ್ತಾಗಿ ಕೂರಲು ಬಿಡಿ. ಮುಗಿದ ಮೇಲೆ ದಪ್ಪ ಸೂಜಿ ತೂರಿಸಿ ತೂತಿನ ನಡುವೆ ದಾರಿ ಮಾಡಿಕೊಳ್ಳಿ, ಕೊಂಡಿ ಮಾಡುವ ತಂತಿ ಪಿನ್ನು ಅಲ್ಲಿಂದಲೇ ಬರಬೇಕು. ಪಿನ್ನಿಗೆ ಮಣಿ ಹಾಕಿ, ತೂತಿನಿಂದ ಮೇಲೆ ತಂದು, ಒಂದು ಸೆಂಟಿಮೀಟರ್‌ನಷ್ಟು ಬಿಟ್ಟು ಕತ್ತರಿಸಿ, ಮೊದಲು ನೇರವಾಗಿ ಪಕ್ಕಕ್ಕೆ ಮಡಿಚಿ, ಆಮೇಲೆ ಇಕ್ಕಳದ ತುದಿಯಲ್ಲಿ ಸುರುಳಿ ಮಾಡಿ. ಆ ಸುರುಳಿಗೆ ಕಿವಿಯ ಕೊಕ್ಕೆ ಸೇರಿಸುವ ಸಣ್ಣ ರಿಂಗು ತೆರೆಯುವಾಗ ಎರಡು ತುದಿಯನ್ನೂ ಎಡಕ್ಕೆ ಬಲಕ್ಕೆ ಎಳೆದು ಅಗಲಿಸಬೇಡಿ, ಆಕಾರ ಕೆಡುತ್ತದೆ, ಮತ್ತೆ ಕೂಡುವುದಿಲ್ಲ. ಒಂದು ತುದಿಯನ್ನು ಹಿಂದಕ್ಕೆ, ಒಂದನ್ನು ಮುಂದಕ್ಕೆ ತಿರುಗಿಸಿ ತೆರೆಯಿರಿ, ಹಾಗೇ ಮುಚ್ಚಿ.

ಕಿವಿಗೆ ಹಾಕುವ ಕೊಕ್ಕೆಯಲ್ಲಿ ಮಾತ್ರ ಜಿಪುಣತನ ಬೇಡ. ನಿಕ್ಕೆಲ್ ಬೆರೆತ ಅಗ್ಗದ ಕೊಕ್ಕೆಯಿಂದ ಎಷ್ಟೋ ಜನರಿಗೆ ಕಿವಿ ತುರಿಸಿ ಕೀವು ಕಟ್ಟುತ್ತದೆ. ಬೆಳ್ಳಿ ಅಥವಾ ಸರ್ಜಿಕಲ್ ಸ್ಟೀಲ್ ಹಾಕಿ.

ಕಲ್ಲು ಅಂಟಿಸಲು ಫೆವಿಕ್ವಿಕ್ ಥರದ ತಕ್ಷಣ ಹಿಡಿಯುವ ಅಂಟು ಬೇಡ. ಅದು ಕಲ್ಲಿನ ಸುತ್ತ ಬಿಳಿ ಮಬ್ಬು ಕಟ್ಟಿಸಿ ಹೊಳಪು ತೆಗೆಯುತ್ತದೆ. ಹತ್ತಿ ದಾರದ ಮೇಲೆ ಬಿದ್ದರೆ ಕೈ ಸುಡುವಷ್ಟು ಬಿಸಿಯೂ ಆಗಬಹುದು. ಬಟ್ಟೆಯ ಅಂಟನ್ನೇ ಕಡ್ಡಿಯ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಡಿ. ಬೆಂಕಿಕಡ್ಡಿಯ ತುದಿಗೆ ಚೂರು ಮೇಣ ಮೆತ್ತಿಕೊಂಡರೆ ಎಷ್ಟು ಸಣ್ಣ ಕಲ್ಲಾದರೂ ಎತ್ತಿ ಇಡಬಹುದು. ಹಗುರ ಬೇಕೆಂದರೆ ಚನ್ನಪಟ್ಟಣದ ಮರದ ಮಣಿ ತಂದುಕೊಳ್ಳಿ. ಹತ್ತಿ ಸೀರೆಗೆ, ಕ್ರೋಶಾ ಓಲೆಗೆ ಅಷ್ಟು ಚೆನ್ನಾಗಿ ಹೊಂದುವ ಮಣಿ ಬೇರೆ ಇಲ್ಲ, ದೊಡ್ಡ ಮಣಿ ಹಾಕಿದರೂ ಕಿವಿ ಜಗ್ಗುವುದಿಲ್ಲ. ಅದರ ಮೇಲಿನ ಬಣ್ಣ ಅರಗಿನದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಆದ್ದರಿಂದ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಸೆಂಟು ಹೊಡೆದುಕೊಂಡ ಮೇಲೆಯೇ ಓಲೆ ಹಾಕಿಕೊಳ್ಳಿ.

ಈಗ ಕುಚ್ಚು, ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆ ಉದ್ದವಾಗಿದ್ದರೆ ಅದನ್ನೇ ಪಾಲು ಮಾಡಿ ಗಂಟು ಹಾಕಬಹುದು, ಅದು ಸಾದಾ ಕುಚ್ಚು. ಎಳೆ ಇಲ್ಲದಿದ್ದರೆ, ಅಥವಾ ಕ್ರೋಶಾ ಕುಚ್ಚು ಬೇಕಿದ್ದರೆ, ಅಂಚನ್ನು ಸಣ್ಣಗೆ ಮಡಿಚಿ ಕೈ ಹೊಲಿಗೆ ಹಾಕಿ. ಟೇಪು ಹಿಡಿದು ಗುರುತು ಮಾಡುವ ರಗಳೆ ಬೇಡ. ಸೆರಗಿನ ಅಂಚನ್ನು ಅರ್ಧಕ್ಕೆ ಮಡಿಚಿ, ಮತ್ತೆ ಅರ್ಧ, ಹೀಗೆ ನಾಲ್ಕು ಸಲ ಮಡಿಚಿದರೆ 16 ಪಾಲು, ಒಂದೊಂದು ಪಾಲಿನ ನಡುವೆ ಇನ್ನೊಂದು ಗುರುತು ಹಾಕಿದರೆ 32. ಸೆರಗು 46 ಇಂಚು ಇದೆ ಅಂದುಕೊಳ್ಳಿ, ಕುಚ್ಚುಗಳ ನಡುವೆ ಒಂದೂವರೆ ಇಂಚಿಗಿಂತ ಸ್ವಲ್ಪ ಕಡಿಮೆ ಬರುತ್ತದೆ, ಅದು ಹದವಾದ ಅಂತರ. ಗುರುತಿಗೆ ಟೈಲರ್ ಚಾಕ್ ಸಾಕು, ಪೆನ್ನು ಬೇಡ.

ಐದಾರು ಎಳೆ ಸೇರಿಸಿ ಕ್ರೋಶಾ ಶುರು ಮಾಡಿ. ಕಡ್ಡಿಯ ಕೊಕ್ಕೆ ಅಷ್ಟನ್ನೂ ಒಟ್ಟಿಗೆ ಹಿಡಿಯಬೇಕು, ಒಂದು ಎಳೆ ತಪ್ಪಿದರೂ ಆ ಮನೆ ಬಿಚ್ಚಿ ಮತ್ತೆ ಹಾಕಿ. ಮಣಿಗಳನ್ನು ಮೊದಲೇ ದಾರಕ್ಕೆ ಪೋಣಿಸಿಕೊಳ್ಳಬೇಕು. ಕುಚ್ಚಿಗೆ ಮೂರು ಮಣಿ ಅಂದರೆ 32 ಕುಚ್ಚಿಗೆ 96, ಮೇಲೆ ನಾಲ್ಕೈದು ಜಾಸ್ತಿ ಇರಲಿ. ನಡುವೆ ಮಣಿ ಮುಗಿದರೆ ದಾರ ಕತ್ತರಿಸದೆ ಬೇರೆ ದಾರಿಯಿಲ್ಲ. ಬಟ್ಟೆಗೆ ಕಡ್ಡಿ ಚುಚ್ಚುವ ಮೊದಲು ದಪ್ಪ ಸೂಜಿಯಲ್ಲಿ ನೇಯ್ಗೆಯ ಎಳೆಗಳನ್ನು ಬಿಡಿಸಿ ತೂತು ಮಾಡಿಕೊಳ್ಳಿ, ಎಳೆ ತುಂಡಾಗಬಾರದು, ಪಕ್ಕಕ್ಕೆ ಸರಿಯಬೇಕು ಅಷ್ಟೆ. ಕಡ್ಡಿ ತೂರಿಸಿ, ದಾರ ಎಳೆದು, ಕಡ್ಡಿಯ ಮೇಲಿನ ಎರಡೂ ಕುಣಿಕೆಯೊಳಗಿಂದ ಮತ್ತೊಮ್ಮೆ ದಾರ ಎಳೆದರೆ ಒಂದು ಸಿಂಗಲ್ ಕ್ರೋಶಾ. ಆಮೇಲೆ ಮುಂದಿನ ತೂತಿಗೆ ಮುಟ್ಟುವಷ್ಟು ಚೈನು, ನಡುನಡುವೆ ಮಣಿ ಮೇಲೆ ತಳ್ಳಿ ಚೈನಿನಲ್ಲಿ ಬಂಧಿಸಿ. ನಾಲ್ಕು ಅಂತರ ಆದ ಮೇಲೆ ಸೀರೆಯನ್ನು ಮೇಜಿನ ಮೇಲೆ ಹರಡಿ ನೋಡಿ. ಅಂಚು ಸುಕ್ಕು ಬಿದ್ದರೆ ಚೈನು ಕಡಿಮೆಯಾಗಿದೆ, ಜೋತು ಬಿದ್ದರೆ ಜಾಸ್ತಿಯಾಗಿದೆ. ಅಲ್ಲೇ ಸರಿ ಮಾಡಿಕೊಂಡರೆ ಕೊನೆಯವರೆಗೂ ನಿಶ್ಚಿಂತೆ.

ಕುಚ್ಚಿಗೆ ಎರಡೂವರೆ ಇಂಚಿನ ರಟ್ಟಿಗೆ ನಲವತ್ತು ಸುತ್ತು ದಾರ ಸುತ್ತಿ, ಮೇಲಿನ ತುದಿಯನ್ನು ಚೈನಿನ ಕಮಾನಿಗೆ ಕಟ್ಟಿ, ಕೆಳಗೆ ಕತ್ತರಿಸಿ, ಕುತ್ತಿಗೆಗೆ ಜರಿ ದಾರ ಬಿಗಿಯಾಗಿ ಸುತ್ತಿ ತುದಿಯನ್ನು ಸೂಜಿಯಲ್ಲಿ ಒಳಗೆ ಸೇರಿಸಿ. ಎಲ್ಲ ಕುಚ್ಚಿಗೂ ಒಂದೇ ರಟ್ಟು, ಒಂದೇ ಲೆಕ್ಕ. ತುದಿ ಟ್ರಿಮ್ ಮಾಡುವುದು ಕೊನೆಗೆ. ಕುಚ್ಚಿನ ಎಳೆ ಸುಕ್ಕಾಗಿದ್ದರೆ ಇಸ್ತ್ರಿ ಪೆಟ್ಟಿಗೆಯ ಹಬೆಯನ್ನು ದೂರದಿಂದ ಬಿಡಿ, ನೇರವಾದ ಮೇಲೆ ಒಂದು ಕಾರ್ಡಿನ ಅಂಚಿಗೆ ಹಿಡಿದು ಕತ್ತರಿಸಿ. ಸುಕ್ಕಿರುವಾಗಲೇ ಕತ್ತರಿಸಿದರೆ ಆಮೇಲೆ ಒಂದು ಉದ್ದ ಒಂದು ಗಿಡ್ಡ. ಮೈಸೂರ್ ಸಿಲ್ಕಿನಂಥ ಜಾರುವ, ತೆಳು ಸೀರೆಗೆ ಗಾಜಿನ ಮಣಿ ಹಾಕಬೇಡಿ, ಭಾರಕ್ಕೆ ಸೆರಗು ಜಗ್ಗುತ್ತದೆ.

ಒಂದು ಸೀರೆ ಚೆನ್ನಾಗಿ ಬಂತು ಅಂದರೆ ಅಕ್ಕಪಕ್ಕದವರು, ನೆಂಟರು ಕೇಳಿಯೇ ಕೇಳುತ್ತಾರೆ. ಗೌರಿ ಹಬ್ಬದ ಹಿಂದಿನ ವಾರ ಸುಮ್ನೆ ಒಪ್ಪಿಕೊಂಡು ರಾತ್ರಿಯೆಲ್ಲಾ ಕಣ್ಣು ಕೆಡಿಸಿಕೊಳ್ಳಬೇಡಿ. ನಿಮ್ಮದೇ ಸೀರೆಗೆ ಎಷ್ಟು ಗಂಟೆ ಹಿಡಿಯಿತು, ದಾರ ಮಣಿಗೆ ಎಷ್ಟಾಯಿತು ಅಂತ ಬರೆದಿಟ್ಟುಕೊಂಡಿದ್ದರೆ ಕೂಲಿ ಹೇಳಲು ಸಂಕೋಚ ಆಗುವುದಿಲ್ಲ. ಮಗ್ಗದ ಕೆಲಸಕ್ಕೆ, ಬ್ಲೌಸ್ ಹೊಲಿಗೆಗೆ ಕೇಳಿದಷ್ಟು ಕೊಡುವವರು ಕುಚ್ಚಿಗೂ ಕೊಡಬೇಕು, ಇದೂ ಅಷ್ಟೇ ಕಣ್ಣು ಬೆರಳು ಬೇಡುವ ಕೆಲಸ. ಸೀರೆ ತೆಗೆದುಕೊಳ್ಳುವಾಗ ಅವರ ಎದುರಿಗೇ ಪೂರ್ತಿ ಬಿಚ್ಚಿ, ಕಲೆ, ಹರಕು ಇದೆಯಾ ನೋಡಿ, ಸೆರಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಮಣಿ ಎಷ್ಟು, ಬಣ್ಣ ಯಾವುದು, ಯಾವ ದಿನ ಕೊಡುತ್ತೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಸೀರೆಗೆ ಪಿನ್ ಮಾಡದೆ ಚೀಲದೊಳಗೆ ಹಾಕಿಡಿ, ರೇಷ್ಮೆಯ ಮೇಲೆ ಪಿನ್ನಿನ ತೂತು, ತುಕ್ಕು ಎರಡೂ ಹೋಗುವುದಿಲ್ಲ.