ಒದ್ದೆ ಕಾಡಿನಲ್ಲಿ ಬೆಂಕಿ ಹತ್ತಿದ್ದು ಹೀಗೆ

ನಾನು ಬಾಗಲಕೋಟೆ ಕಡೆಯವನು. ಕೆಲಸಕ್ಕೆಂದು ಸ್ವೀಡನ್‌ಗೆ ಬಂದ ಮೇಲೆ ಕಾಡಿನಲ್ಲಿ ರಾತ್ರಿ ಕಳೆಯುವುದನ್ನು ಕಲಿಯುತ್ತಿದ್ದೇನೆ. ನಮ್ಮೂರಲ್ಲಿ ಒಣ ಕಣಕಿಗೆ ಒಂದು ಕಡ್ಡಿ ಗೀರಿದರೆ ಸಾಕು. ಇಲ್ಲಿ ಎಲ್ಲವೂ ಒದ್ದೆ. ಮೂರು ಸಲ ಬರೀ ಹೊಗೆ ಬಂತು.

ಊರಿಗೆ ಫೋನ್ ಮಾಡಿದಾಗ ಅಜ್ಜ ಹೇಳಿದರು: "ಹೊರಗ ತೊಯ್ದರ ಏನಾತೋ ತಮ್ಮಾ, ಸೀಳಿ ನೋಡು, ಒಳಗ ಒಣಗಿರತೈತಿ."

ಹೌದಲ್ವಾ! ಬಿದ್ದರೂ ನೆಲಕ್ಕೆ ತಾಗದೆ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಕೊಂಬೆ ತಂದು ಸೀಳಿದೆ. ಒಳಭಾಗವನ್ನು ಚಾಕುವಿನಿಂದ ತೆಳ್ಳಗೆ ಹೆರೆದೆ. ಹೆರೆದದ್ದು ಉದುರಬಾರದು, ಸುರುಳಿಯಾಗಿ ಕಡ್ಡಿಗೇ ಅಂಟಿಕೊಂಡಿರಬೇಕು. ಅದರಡಿ ಬರ್ಚ್ ಮರದ ಬಿದ್ದ ತೊಗಟೆ ಇಟ್ಟೆ. ಅದರಲ್ಲಿ ಎಣ್ಣೆಯಂಥ ಅಂಶ ಇದೆ, ತೊಯ್ದರೂ ಉರಿಯುತ್ತದೆ. ಜೀವಂತ ಮರದ ತೊಗಟೆ ಮಾತ್ರ ಸುಲಿಯಬೇಡಿ, ಇಲ್ಲಿ ಅದಕ್ಕೆ ಅನುಮತಿ ಇಲ್ಲ.

ಒಂದೇ ಕಡ್ಡಿಗೆ ಹತ್ತಿತು. ಚಹಾ ಕುದಿಸಿ, ಅಜ್ಜನಿಗೆ ಫೋಟೊ ಕಳಿಸಿದೆ.