ತಳ ನೋಡಿ ಕುಲ ಹೇಳಿ: ಹೆಸರಿಲ್ಲದ ಜರ್ಮನ್ ಹೂದಾನಿ

ಕಿತ್ತಳೆ, ಕಪ್ಪು, ಕಂದು ಬಣ್ಣ. ಮೈಮೇಲೆ ಲಾವಾ ಉಕ್ಕಿ ಹೆಪ್ಪುಗಟ್ಟಿದಂಥ ಒರಟು ಮೆರುಗು (ಗ್ಲೇಜ್, ಅಂದರೆ ಮಣ್ಣಿನ ಮೇಲೆ ಸುಟ್ಟು ಹಿಡಿಸಿದ ಗಾಜಿನಂಥ ಲೇಪ). 1950ರಿಂದ 70ರ ದಶಕದವರೆಗೆ ಪಶ್ಚಿಮ ಜರ್ಮನಿಯ ಕಾರ್ಖಾನೆಗಳು ರಾಶಿ ರಾಶಿ ತಯಾರಿಸಿದ ಇಂಥ ಹೂದಾನಿಗಳನ್ನು ಸಂಗ್ರಾಹಕರು ‘ಫ್ಯಾಟ್ ಲಾವಾ’ ಎನ್ನುತ್ತಾರೆ. ಇವುಗಳಲ್ಲಿ ಎಷ್ಟೋ ಪಾತ್ರೆಗಳ ಮೇಲೆ ತಯಾರಕರ ಹೆಸರಿಲ್ಲ. ಹೆಸರಿದ್ದದ್ದು ಅಂಟಿಸಿದ ಚೀಟಿಯಲ್ಲಿ. ತೊಳೆದು ಒರೆಸುವಾಗ ಅದು ಎಂದೋ ಕಿತ್ತುಹೋಗಿದೆ.

ಹೊಸಬರು ಎಡವುವುದು ಮೆರುಗನ್ನು ನಂಬಿ. ಸಿಲಿಕಾನ್ ಕಾರ್ಬೈಡ್ ಬೆರೆತ ಮೆರುಗು ಆವಿಗೆಯ ಕಾವಿಗೆ ಅನಿಲ ಬಿಟ್ಟು ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದಲ್ಲಿ ಕುಳಿ ಉಳಿಯುತ್ತದೆ. ಈ ವಿದ್ಯೆ ಒಬ್ಬರ ಸ್ವತ್ತಾಗಿ ಉಳಿಯಲಿಲ್ಲ. ರೈನ್‌ಬಾಖ್ ಊರಿನ ರುಶಾ ಕಾರ್ಖಾನೆಗೆ ಮೆರುಗು ರೂಪಿಸುತ್ತಿದ್ದ ಒಟ್ಟೊ ಗೆರ್ಹಾರ್ಟ್ಸ್ 1964ರಲ್ಲಿ ಅದೇ ಊರಿನಲ್ಲಿ ಸ್ವಂತ ಒಟ್ಟೊ ಕೆರಾಮಿಕ್ ತೆರೆದರು. ಅನುಭವವೂ ಅವರ ಜೊತೆಗೇ ಹೋಯಿತು. ಹಾಗಾಗಿ ಮೆರುಗನ್ನು ಕೊನೆಗಿಡಿ, ತಳದಿಂದ ಶುರು ಮಾಡಿ.

ಮೊದಲು ಪಾತ್ರೆಯನ್ನು ಮಗುಚಿ, ತಳದ ಧೂಳನ್ನು ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಟಾರ್ಚನ್ನು ನೇರವಾಗಿ ಹಿಡಿಯದೆ ಒಂದು ಬದಿಯಿಂದ ಓರೆಯಾಗಿ ಬಿಡಿ. ಏನೂ ಇಲ್ಲವೆಂದುಕೊಂಡ ಕಡೆ, ಮೆರುಗಿನಡಿ ಮುಳುಗಿದ ಅಂಕಿಗಳ ಅಂಚು ನೆರಳಾಗಿ ಏಳುವುದುಂಟು.

ಅಂಕಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ‘401-28’ ಎಂದಿದೆ ಎನ್ನಿ. ಮೊದಲಿನದು ಅಚ್ಚಿನ ಸಂಖ್ಯೆ, ಎರಡನೆಯದು ಸೆಂಟಿಮೀಟರಿನಲ್ಲಿ ಎತ್ತರ. ಟೇಪು ಹಿಡಿದು ಅಳೆಯಿರಿ; ಸುಮಾರು 28 ಬಂದರೆ ನಿಮ್ಮ ಓದು ಸರಿ. ಬವೇರಿಯಾದ ಕ್ಲೈನ್‌ಹಾಯ್‌ಬಾಖ್‌ನ ಶಾಯ್ರಿಖ್ ಕಾರ್ಖಾನೆ ಹೀಗೆಯೇ ಗುರುತು ಹಾಕುತ್ತಿತ್ತು. ಆದರೆ ಅಚ್ಚಿನ ಸಂಖ್ಯೆ ಮತ್ತು ಎತ್ತರ ಬರೆಯುವ ರೂಢಿ ಬಾಯ್‌ನಂಥ ಬೇರೆ ಕಾರ್ಖಾನೆಗಳಲ್ಲೂ ಇತ್ತು. ಅಂಕಿಗಳ ಗಾತ್ರ, ನಡುವಿನ ಅಡ್ಡಗೆರೆ, ಅಕ್ಷರ ಉಬ್ಬಿದೆಯೋ ಒಳಗೊತ್ತಿದೆಯೋ ಎಂಬುದನ್ನು ಗುರುತಿರುವ ಪಾತ್ರೆಗಳ ಚಿತ್ರದ ಜೊತೆ ಹೋಲಿಸಲೇಬೇಕು. ಜೊತೆಗೆ ‘ಡಬ್ಲ್ಯು. ಜರ್ಮನಿ’ ಎಂದಿದ್ದರೆ ಕಾಲ 1949ರಿಂದ 1990ರ ನಡುವೆ ನಿಲ್ಲುತ್ತದೆ. ದೇಶದ ಹೆಸರಿಲ್ಲದೆ ಬರಿಯ ನಾಲ್ಕಂಕಿ ಕಂಡರೆ ಪೂರ್ವ ಜರ್ಮನಿಯ ಸ್ಟ್ರೇಲಾ, ಹಾಲ್ಡೆನ್ಸ್‌ಲೇಬೆನ್ ಕಾರ್ಖಾನೆಗಳನ್ನೂ ತಪ್ಪದೆ ಪರಿಶೀಲಿಸಿ. ಮಾರುವವರು ಎಲ್ಲವನ್ನೂ ಪಶ್ಚಿಮ ಜರ್ಮನಿಯದೆಂದು ಒಟ್ಟಿಗೆ ಸೇರಿಸಿಬಿಡುತ್ತಾರೆ.

ಮುಂದೆ ಮಣ್ಣು. ಮೆರುಗು ಹತ್ತದ ತಳದಂಚಿನಲ್ಲಿ, ಇಲ್ಲವೇ ಚಕ್ಕೆ ಎದ್ದ ಕಡೆ ಹಗಲು ಬೆಳಕಿನಲ್ಲಿ ನೋಡಿ. ಶಾಯ್ರಿಖ್‌ನದು ಬಿಳಿ ಮಣ್ಣು. ರಾನ್ಸ್‌ಬಾಖ್-ಬೌಂಬಾಖ್‌ನ ಸೆರಾಮಾನೊ ಪಾತ್ರೆಗಳದು ಕೆಂಪು-ಕಂದು ಮಣ್ಣು, ತಳದಲ್ಲಿ ಕೈಯಿಂದ ಗೀರಿದ ಬರಹ. ಕೆಂಪು ಮಣ್ಣಿನ ಪಾತ್ರೆಯನ್ನು ಯಾರಾದರೂ ಶಾಯ್ರಿಖ್ ಎಂದರೆ ಕಣ್ಣುಮುಚ್ಚಿ ಒಪ್ಪಬೇಡಿ.

ಆಕಾರ ಸಾಕ್ಷಿಯೇನೋ ಹೌದು, ಅದೊಂದೇ ಸಾಲದು. ಕುರ್ಟ್ ಚೋರ್ನರ್ 1954ರಲ್ಲಿ ರುಶಾಕ್ಕೆ ರೂಪಿಸಿದ 313ನೇ ಸಂಖ್ಯೆಯ ಹಿಡಿಯುಳ್ಳ ಹೂಜಿ ಎಷ್ಟೋ ಬಗೆಯ ಮೆರುಗಿನಲ್ಲಿ ಬಂತು. ಬಳುಕಿದ ಆ ಹಿಡಿಯ ಚೆಲುವು ಇಂದಿಗೂ ಮಾಸಿಲ್ಲ. ಆದರೆ ಆಕಾರದಿಂದ ವಿನ್ಯಾಸದ ವರ್ಷ ಸಿಕ್ಕೀತೇ ಹೊರತು ನಿಮ್ಮ ಕೈಯಲ್ಲಿರುವ ಹೂಜಿ ಆವಿಗೆಯಿಂದ ಹೊರಬಂದ ವರ್ಷವಲ್ಲ.

ಈಗ ಮೆರುಗು ನೋಡಿ. ಹೊರಮೈಯ ಜೊತೆಗೆ ಒಳಮೈಯ ಬಣ್ಣ, ಬಾಯಂಚಿನಲ್ಲಿ ಮೆರುಗು ನಿಂತ ರೀತಿ ಎರಡನ್ನೂ ಬರೆದುಕೊಳ್ಳಿ. ಬೆಲೆ ಹೇಳುವವರು ಹೆಚ್ಚಾಗಿ ಬಿಡುವುದು ಇದನ್ನೇ. ಲಾವಾ ಮೆರುಗಿನ ಹೊಸ ಪಾತ್ರೆಗಳು ಇಂದಿಗೂ ತಯಾರಾಗುತ್ತವೆ. ಆದ್ದರಿಂದ ತಳದಂಚಿನಲ್ಲಿ ದಿಕ್ಕುದಿಕ್ಕಿಗೆ ಬಿದ್ದ ಸಣ್ಣ ಗೀರು, ಸವೆತ ಇದೆಯೇ ನೋಡಿ.

ಮಣ್ಣು, ಅಂಕಿ, ಆಕಾರ, ಮೆರುಗು ನಾಲ್ಕೂ ಒಂದೇ ಕಾರ್ಖಾನೆಯತ್ತ ಬೆರಳು ಮಾಡಿದರೆ ಹೆಸರು ಬರೆಯಿರಿ. ಮೂರೇ ಕೂಡಿ ಬಂದರೆ ಹೆಸರಿನ ಮುಂದೆ ‘ಇರಬಹುದು’ ಎಂದು ಸೇರಿಸಿ, ತಳದ ಫೋಟೊವನ್ನೂ ಜೊತೆಗಿಡಿ. ಮುಂದೆ ಅದೇ ಅಚ್ಚಿನ, ಚೀಟಿ ಉಳಿದಿರುವ ಪಾತ್ರೆ ಸಿಕ್ಕಾಗ ಹೋಲಿಸಲು ಬೇಕಾಗುವುದು ಆ ಫೋಟೊ.