ವಸಂತದ ರಜೆಯಲ್ಲಿ ಪುಟ್ಟ ಮಕ್ಕಳ ಜೊತೆ ಹೊರಟಿದ್ದೀರಾ?

ವಸಂತದಲ್ಲಿ ಗಾಳಿ ತಂಪು, ಬಿಸಿಲು ಮಾತ್ರ ಸುಡುತ್ತದೆ. ಸುಮಾರು ಜನ ಇದನ್ನು ಮರೆಯುತ್ತಾರೆ. ಮಕ್ಕಳಿಗೆ ಟೋಪಿ ಹಾಕಿ. ಹೊರಡುವ 15-20 ನಿಮಿಷ ಮುಂಚೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ. 6 ತಿಂಗಳೊಳಗಿನ ಕೂಸಿಗೆ ನೆರಳೇ ಸರಿ. ದಪ್ಪ ಜಾಕೆಟ್ ಬೇಡ, ತೆಳು ಬಟ್ಟೆ ಎರಡು ಪದರ ಹಾಕಿದರೆ ಸೆಕೆಯಾದಾಗ ಒಂದು ಬಿಚ್ಚಬಹುದು.

ನಡೆಯುವ ದೂರವನ್ನು ನಿಮ್ಮ ಕಾಲಿನ ಲೆಕ್ಕದಲ್ಲಿ ಹಾಕಬೇಡಿ. ಇರುವೆ ಸಾಲು ಕಂಡರೆ ಅಲ್ಲೇ ಅರ್ಧ ಗಂಟೆ ಹೋಯಿತು, ಅಲ್ವಾ? ಹೋಗಲಿ ಬಿಡಿ, ಅವರು ಬಂದಿದ್ದೇ ಅದಕ್ಕೆ. ಮಗು ಇನ್ನೂ ಖುಷಿಯಾಗಿರುವಾಗಲೇ ವಾಪಸ್ ಹೊರಡಿ. ಸುಸ್ತಾದ ಮೇಲೆ ಎತ್ತಿಕೊಂಡೇ ಬರಬೇಕಾಗುತ್ತದೆ.

ಹುಲ್ಲಿನಲ್ಲಿ ಆಡಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ, ಮಂಡಿ ಹಿಂದೆ ಉಣುಗು (ರಕ್ತ ಹೀರುವ ಪುಟ್ಟ ಹುಳ) ಕಚ್ಚಿಕೊಂಡಿದೆಯಾ ಅಂತ ಅದೇ ದಿನ ನೋಡಿ. ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.